ಬೆಳಕಿನ ವೈದ್ಯ ಫಿನ್ಸೆನ್

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಬಿಸಿಲಿಗೆ ಬರವಿಲ್ಲ. ಮಳೆ ಮುನಿದರೂ ಮುನಿದೀತು, ಸೂರ್ಯ ಮುನಿಯುವುದಿಲ್ಲ. ಚೈತ್ರ ವೈಶಾಖಗಳಲ್ಲಿ ಎರೆಹೊಲಗಳು ಬಿರುಕು ಬಿಡುತ್ತವೆ. ಗುಡ್ಡದ ಬಂಡೆಗಳು ಹಂಚಿನಂತೆ ಕಾಯುತ್ತವೆ. ನಡುಹಗಲಿನಲ್ಲಿ ದನಕರುಗಳೂ ಬೇವಿನ ನೆರಳನ್ನು ಅರಸಿ ನಿಲ್ಲುತ್ತವೆ. ಇಂಥ ನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಬಿಸಿಲೂ ಒಂದು ಭಾಗ್ಯವೆಂದು ತೋರುವುದು ಕಷ್ಟ. ಆದರೆ ಭೂಮಿಯ ಮೇಲೆ ಸೂರ್ಯನ ಮುಖವನ್ನು ಕಾಣಲು ತಿಂಗಳುಗಟ್ಟಲೆ ಹಂಬಲಿಸುವ ನಾಡುಗಳೂ ಇವೆ. ಅಂಥ ಒಂದು ನಾಡಿನಲ್ಲಿ ಹುಟ್ಟಿದ ರೋಗಪೀಡಿತನಾದ ಮನುಷ್ಯನೊಬ್ಬನು ಬೆಳಕನ್ನೇ ಮದ್ದನ್ನಾಗಿ ಮಾಡಿ, ವಿಕಾರಗೊಂಡಿದ್ದ ಸಾವಿರಾರು ಮುಖಗಳಿಗೆ ಮರಳಿ ರೂಪವನ್ನು ಕೊಟ್ಟನು. ಅವನೇ ನೀಲ್ಸ್ ರೈಬರ್ಗ್ ಫಿನ್ಸೆನ್.

ಉತ್ತರ ಅಟ್ಲಾಂಟಿಕ್ ಸಾಗರದ ನಡುವೆ ಡೆನ್ಮಾರ್ಕಿಗೆ ಸೇರಿದ ಫಾರೋ ಎಂಬ ದ್ವೀಪಸಮೂಹವಿದೆ. ಹದಿನೆಂಟು ಬಂಡೆಗಲ್ಲಿನ ದ್ವೀಪಗಳು. ಸದಾ ಬೀಸುವ ಗಾಳಿ. ಮೋಡ, ಮಂಜು, ಜಡಿಮಳೆ. ಚಳಿಗಾಲದಲ್ಲಿ ಅಲ್ಲಿಯ ಹಗಲು ಐದಾರು ಗಂಟೆಗಳಿಗಿಂತ ಹೆಚ್ಚಿಲ್ಲ. ಆ ದ್ವೀಪಗಳ ಮುಖ್ಯ ಪಟ್ಟಣವಾದ ತೋರ್ಸ್‌ಹಾವನ್‌ನಲ್ಲಿ 1860ನೆಯ ಇಸವಿ ಡಿಸೆಂಬರ್ 15ರಂದು ಫಿನ್ಸೆನ್ ಜನಿಸಿದನು. ಅವನ ತಂದೆ ಐಸ್‌ಲೆಂಡಿನ ಮನೆತನಕ್ಕೆ ಸೇರಿದವನು. ಫಾರೋ ದ್ವೀಪಗಳ ಆಡಳಿತದಲ್ಲಿ ಉನ್ನತ ಅಧಿಕಾರಿಯಾಗಿದ್ದನು. ನೀಲ್ಸ್ ನಾಲ್ಕು ವರ್ಷದ ಮಗುವಾಗಿದ್ದಾಗಲೇ ತಾಯಿ ತೀರಿಕೊಂಡಳು.

ಬಾಲ್ಯದಲ್ಲಿ ಅವನು ಜಾಣ ವಿದ್ಯಾರ್ಥಿಯೆಂದು ಹೆಸರು ಪಡೆಯಲಿಲ್ಲ. 1874ರಲ್ಲಿ ಅವನನ್ನು ಡೆನ್ಮಾರ್ಕಿನ ಒಂದು ವಸತಿಶಾಲೆಗೆ ಕಳುಹಿಸಿದರು. ಹುಡುಗನ ಮನಸ್ಸು ಒಳ್ಳೆಯದು, ಆದರೆ ಬುದ್ಧಿಯೂ ಚುರುಕೂ ಸಾಲದು ಎಂಬುದು ಅಲ್ಲಿಯ ಮುಖ್ಯೋಪಾಧ್ಯಾಯನ ಅಭಿಪ್ರಾಯವಾಗಿತ್ತು. ಎರಡು ವರ್ಷಗಳ ತರುವಾಯ ತಂದೆ ಅವನನ್ನು ಐಸ್‌ಲೆಂಡಿನ ರೇಕ್ಯಾವಿಕ್ ನಗರದಲ್ಲಿ ತಾನೇ ಓದಿದ್ದ ಶಾಲೆಗೆ ಸೇರಿಸಿದನು. ಅಲ್ಲಿಯೂ ಅವನ ಪ್ರಗತಿ ಮಂದವೇ. 1882ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಹದಿನೈದು ಮಂದಿಯ ತರಗತಿಯಲ್ಲಿ ಹನ್ನೊಂದನೆಯವನಾಗಿ ಅವನು ತೇರ್ಗಡೆ ಹೊಂದಿದನು. ಶಾಲೆಯ ಅಂಕಗಳು ಮನುಷ್ಯನ ಒಳಗಿನ ಶಕ್ತಿಯನ್ನು ಎಲ್ಲ ಕಾಲಕ್ಕೂ ಅಳೆಯಲಾರವೆಂಬುದಕ್ಕೆ ಇದೊಂದು ನಿದರ್ಶನ.

ಅದೇ ವರ್ಷ ಅವನು ವೈದ್ಯಶಾಸ್ತ್ರವನ್ನು ಅಭ್ಯಸಿಸಲು ಕೋಪನ್‌ಹೇಗನ್ ವಿಶ್ವವಿದ್ಯಾಲಯವನ್ನು ಸೇರಿದನು. ಮರುವರ್ಷದಿಂದಲೇ ಅವನ ದೇಹದಲ್ಲಿ ವಿಚಿತ್ರವಾದ ವ್ಯಾಧಿಯೊಂದು ತಲೆದೋರಿತು. ಪಿತ್ತಜನಕಾಂಗ, ಗುಲ್ಮ, ಹೃದಯಗಳನ್ನು ಸುತ್ತಿರುವ ಪೊರೆಗಳು ನಿಧಾನವಾಗಿ ದಪ್ಪವಾಗಿ, ಆ ಅಂಗಗಳ ಕಾರ್ಯ ಕುಂದತೊಡಗಿತು. ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತಿತ್ತು. ಅದನ್ನು ಮತ್ತೆ ಮತ್ತೆ ಹೊರತೆಗೆಯಬೇಕಾಗುತ್ತಿತ್ತು. ಈ ವ್ಯಾಧಿ ಜೀವವಿರುವವರೆಗೂ ಅವನನ್ನು ಬಿಡಲಿಲ್ಲ. ಅವನು ಸಾಧಿಸಿದ್ದೆಲ್ಲವೂ ರೋಗಿಯೊಬ್ಬನ ಸಾಧನೆಯೆಂಬುದನ್ನು ನಾವು ಮರೆಯಬಾರದು.

ಕೋಪನ್‌ಹೇಗನ್ನಿನಲ್ಲಿ ಅವನು ವಾಸಿಸುತ್ತಿದ್ದ ಕೊಠಡಿ ಉತ್ತರಕ್ಕೆ ಮುಖ ಮಾಡಿತ್ತು. ಅದರೊಳಗೆ ಬಿಸಿಲು ಸುಳಿಯುತ್ತಿರಲಿಲ್ಲ. ರಕ್ತಹೀನತೆಯಿಂದ ಬಳಲುತ್ತಿದ್ದ ಫಿನ್ಸೆನ್ನನಿಗೆ ಬಿಸಿಲಿನಲ್ಲಿ ಕುಳಿತಾಗ ಮೈ ಹಗುರಾದಂತೆ ಅನ್ನಿಸುತ್ತಿತ್ತು. ಇದು ತನ್ನ ಮನಸ್ಸಿನ ಭ್ರಮೆಯೋ, ಬೆಳಕಿಗೆ ನಿಜವಾಗಿಯೂ ಅಂಥ ಶಕ್ತಿಯಿದೆಯೋ ಎಂದು ಅವನು ಯೋಚಿಸಿದನು. ಒಂದು ದಿನ ಬೆಕ್ಕೊಂದು ಬಿಸಿಲು ಕಾಯಿಸುತ್ತ ಮಲಗಿದ್ದುದು ಅವನ ಕಣ್ಣಿಗೆ ಬಿತ್ತು. ನೆರಳು ಸರಿದು ಬಂದು ಅದರ ಮೈಯನ್ನು ತಾಕಿದೊಡನೆ ಬೆಕ್ಕು ಎದ್ದು ಬಿಸಿಲಿಗೆ ಸರಿಯಿತು. ನೆರಳು ಮತ್ತೆ ಬಂದಿತು. ಬೆಕ್ಕು ಮತ್ತೆ ಸರಿಯಿತು. ಇನ್ನೊಮ್ಮೆ ಸೇತುವೆಯ ಮೇಲೆ ನಿಂತಿದ್ದಾಗ, ನೀರಿನ ಮೇಲೆ ಓಡಾಡುವ ಉದ್ದಕಾಲಿನ ಹುಳುಗಳು ಪ್ರವಾಹದೊಡನೆ ತೇಲಿಬಂದು, ಸೇತುವೆಯ ನೆರಳಿನ ಅಂಚನ್ನು ಮುಟ್ಟುತ್ತಲೇ ಚಿಮ್ಮಿ ಬಿಸಿಲಿಗೆ ಹಿಂದಿರುಗುವುದನ್ನು ಕಂಡನು. ಇಂಥ ದೃಶ್ಯಗಳನ್ನು ನಾವು ದಿನವೂ ನೋಡುತ್ತೇವೆ, ನೋಡಿ ಸುಮ್ಮನಾಗುತ್ತೇವೆ. ಫಿನ್ಸೆನ್ ಸುಮ್ಮನಾಗಲಿಲ್ಲ. ಪ್ರಾಣಿಯ ಶರೀರದ ಮೇಲೆ ಬೆಳಕು ಏನನ್ನು ಮಾಡುತ್ತದೆಂಬ ಪ್ರಶ್ನೆಯನ್ನು ಅವನು ತನ್ನ ಬಾಳಿನ ಪ್ರಶ್ನೆಯನ್ನಾಗಿ ಮಾಡಿಕೊಂಡನು.

1890ರಲ್ಲಿ ಅವನು ವೈದ್ಯ ಪದವಿಯನ್ನು ಪಡೆದು, ವಿಶ್ವವಿದ್ಯಾಲಯದ ಅಂಗರಚನಾಶಾಸ್ತ್ರ ವಿಭಾಗದಲ್ಲಿ ಕೆಲಸಕ್ಕೆ ಸೇರಿದನು. 1892ರಲ್ಲಿ ಅವನ ವಿವಾಹವಾಯಿತು. ಸಂಸಾರದ ಹೊಣೆಯಿದ್ದರೂ, ದೇಹ ದುರ್ಬಲವಾಗಿದ್ದರೂ, 1893ರಲ್ಲಿ ಅವನು ಆ ಕೆಲಸವನ್ನು ಬಿಟ್ಟು ಬೆಳಕಿನ ಅಧ್ಯಯನಕ್ಕೆ ತನ್ನನ್ನು ಅರ್ಪಿಸಿಕೊಂಡನು.

ಮೊದಲಿಗೆ ಅವನು ತನ್ನ ಮೈಯನ್ನೇ ಪ್ರಯೋಗಶಾಲೆ ಮಾಡಿಕೊಂಡನು. ಮುಂಗೈಯ ಮೇಲೆ ಕಪ್ಪು ಮಸಿಯಿಂದ ಒಂದು ಪಟ್ಟಿಯನ್ನು ಬಳಿದು ಕೈಯನ್ನು ಬಿಸಿಲಿಗೆ ಒಡ್ಡಿದನು. ಬಳಿಕ ಮಸಿಯನ್ನು ತೊಳೆದು ನೋಡಿದರೆ, ಅದರ ಅಡಿಯ ಚರ್ಮ ಮೊದಲಿನಂತೆಯೇ ಬೆಳ್ಳಗಿತ್ತು. ಸುತ್ತಲಿನ ಚರ್ಮ ಕೆಂಪಾಗಿ ಉರಿಯತೊಡಗಿ, ದಿನಗಳು ಕಳೆದಂತೆ ಕಂದುಬಣ್ಣಕ್ಕೆ ತಿರುಗಿತು. ಮತ್ತೊಮ್ಮೆ ಮಸಿಯಿಲ್ಲದೆ ಕೈಯನ್ನು ಬಿಸಿಲಿಗೆ ಒಡ್ಡಿದಾಗ ಬೆಳ್ಳಗಿದ್ದ ಪಟ್ಟಿಯೇ ಸುಟ್ಟು ಕೆಂಪಾಯಿತು. ಕಂದಿದ ಚರ್ಮಕ್ಕೆ ಹೆಚ್ಚು ಬಾಧೆಯಾಗಲಿಲ್ಲ. ಚರ್ಮದ ಕಪ್ಪುಬಣ್ಣವು ಬೆಳಕಿನ ಉಗ್ರತೆಗೆ ಹಿಡಿದ ಕೊಡೆಯೆಂಬುದು ಇದರಿಂದ ಸ್ಪಷ್ಟವಾಯಿತು. ನಮ್ಮ ಹೊಲಗಳಲ್ಲಿ ದುಡಿಯುವ ರೈತನ ಮೈಬಣ್ಣ ಪ್ರಕೃತಿಯು ಅವನಿಗೆ ತೊಡಿಸಿದ ಕವಚ. ಮೆಲನಿನ್ ಎಂಬ ಈ ವರ್ಣದ್ರವ್ಯದ ದೆಸೆಯಿಂದಲೇ ಬಿಸಿಲಿನಿಂದಾಗುವ ಚರ್ಮದ ಕ್ಯಾನ್ಸರ್ ಬಿಳಿಯ ಜನರಲ್ಲಿರುವಷ್ಟು ನಮ್ಮಲ್ಲಿ ಕಂಡುಬರುವುದಿಲ್ಲ. ಹುಟ್ಟಿನಿಂದಲೇ ಈ ದ್ರವ್ಯವಿಲ್ಲದೆ ಮೈಯೆಲ್ಲ ಬಿಳುಪಾಗಿರುವವರು ಮಾತ್ರ ನಮ್ಮ ನಾಡಿನಲ್ಲಿಯೂ ಬಿಸಿಲಿನಿಂದ ತಮ್ಮನ್ನು ಎಚ್ಚರಿಕೆಯಿಂದ ಕಾಪಾಡಿಕೊಳ್ಳಬೇಕು.

ಬೆಳಕು ಸುಡುವುದು ತನ್ನ ಶಾಖದಿಂದಲ್ಲ. ಅದರಲ್ಲಿರುವ ನೀಲಿ, ನೇರಳೆ ಮತ್ತು ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿಂದ ಎಂದು ಫಿನ್ಸೆನ್ ಅರಿತನು. ಅವನ ಮೊದಲ ಸಲಹೆ ಬೆಳಕನ್ನು ಬಳಸುವುದಾಗಿರಲಿಲ್ಲ, ತಡೆಯುವುದಾಗಿತ್ತು. ಸಿಡುಬಿನ ರೋಗಿಗಳಿಗೆ ಮುಖ ಮತ್ತು ಕೈಗಳಲ್ಲಿ, ಎಂದರೆ ಬೆಳಕು ಬೀಳುವ ಭಾಗಗಳಲ್ಲಿ, ಕಲೆಗಳು ಆಳವಾಗಿರುತ್ತವೆ. ಆದುದರಿಂದ ಅವರನ್ನು ಛಾಯಾಚಿತ್ರಗಾರನ ಕತ್ತಲೆಕೋಣೆಯಂತೆ ಕೆಂಪು ಪರದೆಗಳಿಂದ ಮುಚ್ಚಿದ ಕೋಣೆಯಲ್ಲಿರಿಸಬೇಕೆಂದು 1893ರಲ್ಲಿ ಅವನು ಸೂಚಿಸಿದನು. ಆರಂಭದಲ್ಲಿ ಕೆಲವು ವೈದ್ಯರು ಇದನ್ನು ಮೆಚ್ಚಿದರು. ಆದರೆ ಮುಂದಿನ ಪರೀಕ್ಷೆಗಳಲ್ಲಿ ಈ ಕ್ರಮ ನಿಲ್ಲಲಿಲ್ಲ. ಅವನ ಕೀರ್ತಿಗೆ ಕಾರಣವಾದುದು ಮತ್ತೊಂದು ಕಾರ್ಯ.

ಆ ಕಾಲದಲ್ಲಿ ಯೂರೋಪಿನ ಶೀತದೇಶಗಳಲ್ಲಿ ಚರ್ಮದ ಕ್ಷಯರೋಗವು ಬಡವರನ್ನು ಕಾಡುತ್ತಿತ್ತು. ಶ್ವಾಸಕೋಶವನ್ನು ತಿನ್ನುವ ಕ್ಷಯಾಣುಗಳೇ ಚರ್ಮದಲ್ಲಿ ನೆಲೆಸಿ ಈ ರೋಗವನ್ನು ಉಂಟುಮಾಡುತ್ತವೆ. ಹೆಚ್ಚಾಗಿ ಅದು ಮುಖದ ಮೇಲೆಯೇ ಆರಂಭವಾಗುವುದು. ಸಣ್ಣ ಗಂಟುಗಳು ಹುಣ್ಣಾಗಿ, ವರ್ಷಗಳು ಉರುಳಿದಂತೆ ಮೂಗು, ತುಟಿ, ಕೆನ್ನೆ, ಕಿವಿಗಳನ್ನು ತಿಂದುಹಾಕುವುದು. ಪ್ರಾಣ ಬೇಗ ಹೋಗದು, ಮುಖ ಹೋಗುವುದು. ಇಂಥ ರೋಗಿಗೆ ಕೆಲಸ ಕೊಡುವವರಿಲ್ಲ, ಪಕ್ಕದಲ್ಲಿ ಕೂರಿಸಿಕೊಳ್ಳುವವರಿಲ್ಲ. ಹಲವರು ಹಗಲಿನಲ್ಲಿ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಿದ್ದರು. ವೈದ್ಯರು ಹುಣ್ಣನ್ನು ಕತ್ತರಿಸುತ್ತಿದ್ದರು, ಕೆರೆಯುತ್ತಿದ್ದರು, ಸುಡುತ್ತಿದ್ದರು. ಅದು ಮತ್ತೆ ಕಾಣಿಸಿಕೊಳ್ಳುತ್ತಿತ್ತು.

ಬಿಸಿಲಿಗೆ ರೋಗಾಣುಗಳನ್ನು ಕೊಲ್ಲುವ ಶಕ್ತಿಯಿದೆಯೆಂಬುದನ್ನು 1877ರಲ್ಲಿ ಡೌನ್ಸ್ ಮತ್ತು ಬ್ಲಂಟ್ ಎಂಬ ಇಂಗ್ಲೆಂಡಿನ ವಿಜ್ಞಾನಿಗಳು ತೋರಿಸಿಕೊಟ್ಟಿದ್ದರು. 1882ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಕ್ಷಯಾಣುವನ್ನು ಕಂಡುಹಿಡಿದಿದ್ದನು. ಫಿನ್ಸೆನ್ ಈ ಎರಡು ಎಳೆಗಳನ್ನು ಕೂಡಿಸಿದನು. ರೋಗಾಣುಗಳು ಚರ್ಮದಲ್ಲಿವೆ, ಬೆಳಕು ಚರ್ಮವನ್ನು ಮುಟ್ಟಬಲ್ಲುದು, ಹಾಗಾದರೆ ಬೆಳಕಿನಿಂದಲೇ ಅವುಗಳನ್ನು ನಾಶಮಾಡಲು ಏಕೆ ಸಾಧ್ಯವಿಲ್ಲ?

ಇದು ಹೇಳುವಷ್ಟು ಸುಲಭವಾಗಿರಲಿಲ್ಲ. ಸಾಮಾನ್ಯ ಬಿಸಿಲಿನ ಶಕ್ತಿ ಸಾಲದು. ಮಸೂರದಿಂದ ಅದನ್ನು ಒಂದೆಡೆ ಕೂಡಿಸಿದರೆ ಶಾಖದಿಂದ ಚರ್ಮ ಸುಡುವುದು. ಫಿನ್ಸೆನ್ ಟೊಳ್ಳು ಮಸೂರವೊಂದನ್ನು ಮಾಡಿಸಿ, ಅದರೊಳಗೆ ಮೈಲುತುತ್ತ ಮತ್ತು ಅಮೋನಿಯ ಬೆರೆಸಿದ ನೀಲಿಯ ದ್ರವವನ್ನು ತುಂಬಿದನು. ಆ ದ್ರವ ಶಾಖದ ಕಿರಣಗಳನ್ನು ಹೀರಿಕೊಂಡು ನೀಲಿ, ನೇರಳೆ ಕಿರಣಗಳನ್ನು ಮಾತ್ರ ಮುಂದಕ್ಕೆ ಬಿಟ್ಟಿತು. ಆದರೆ ಕೋಪನ್‌ಹೇಗನ್ನಿನಲ್ಲಿ ಬಿಸಿಲನ್ನು ನಂಬಿ ಕುಳಿತರೆ ಚಿಕಿತ್ಸೆ ನಡೆಯುವಂತಿರಲಿಲ್ಲ. ಆದುದರಿಂದ ಅವನು ಇಂಗಾಲದ ಎರಡು ಕಡ್ಡಿಗಳ ನಡುವೆ ವಿದ್ಯುತ್ತು ಹಾಯ್ದು ಉರಿಯುವ ಪ್ರಖರವಾದ ಆರ್ಕ್ ದೀಪವನ್ನು ಆರಿಸಿಕೊಂಡನು. ಗಾಜು ನೇರಳಾತೀತ ಕಿರಣಗಳನ್ನು ತಡೆಯುವುದರಿಂದ ಬೆಣಚುಕಲ್ಲಿನ ಮಸೂರಗಳನ್ನು ಬಳಸಿದನು. ಶಾಖವನ್ನು ತಗ್ಗಿಸಲು ಅವುಗಳ ನಡುವೆ ನೀರನ್ನು ತುಂಬಿದನು. ಇನ್ನೊಂದು ತೊಡಕಿತ್ತು. ಚರ್ಮದಲ್ಲಿ ಹರಿಯುವ ರಕ್ತವೇ ಈ ಕಿರಣಗಳನ್ನು ಹೀರಿಕೊಂಡು ಒಳಕ್ಕೆ ಇಳಿಯಗೊಡುತ್ತಿರಲಿಲ್ಲ. ಅದಕ್ಕಾಗಿ ಬೆಣಚುಕಲ್ಲಿನ ಚಿಕ್ಕ ಒತ್ತುಗಲ್ಲೊಂದನ್ನು ಹುಣ್ಣಿನ ಮೇಲೆ ಒತ್ತಿ ಹಿಡಿದು, ಅಲ್ಲಿಯ ರಕ್ತವನ್ನು ಬದಿಗೆ ಸರಿಸುವ ಉಪಾಯವನ್ನು ಹೂಡಿದನು.

1895ರ ನವೆಂಬರಿನಲ್ಲಿ ಕೋಪನ್‌ಹೇಗನ್ನಿನ ವಿದ್ಯುತ್ ಕೇಂದ್ರದಲ್ಲಿಯೇ ಮೊದಲ ಚಿಕಿತ್ಸೆ ಆರಂಭವಾಯಿತು. ಅನೇಕ ವರ್ಷಗಳಿಂದ ಈ ರೋಗದಿಂದ ನರಳಿ, ಶಸ್ತ್ರಚಿಕಿತ್ಸೆಗಳಿಂದ ಫಲ ಕಾಣದಿದ್ದ ಎಂಜಿನಿಯರನೊಬ್ಬನು ಮೊದಲ ರೋಗಿ. ದಿನಕ್ಕೆ ಎರಡು ಗಂಟೆಗಳಂತೆ ಬೆಳಕು ಬಿದ್ದಿತು. ಕೆಲವು ತಿಂಗಳುಗಳಲ್ಲಿ ಹುಣ್ಣು ಮಾಯಿತು. ಮರುವರ್ಷವೇ, ಎಂದರೆ 1896ರಲ್ಲಿ, ದಾನಿಗಳ ನೆರವಿನಿಂದ ಬೆಳಕಿನ ಚಿಕಿತ್ಸೆಯ ಸಂಸ್ಥೆಯೊಂದು ಕೋಪನ್‌ಹೇಗನ್ನಿನಲ್ಲಿ ಸ್ಥಾಪಿತವಾಯಿತು. ಅಲ್ಲಿ ಒಂದೊಂದು ದೀಪದಿಂದ ನಾಲ್ಕು ಕೊಳವೆಗಳು ಇಳಿದಿರುತ್ತಿದ್ದವು. ಒಂದೊಂದು ಕೊಳವೆಯ ಕೆಳಗೆ ಒಬ್ಬೊಬ್ಬ ರೋಗಿ, ಪಕ್ಕದಲ್ಲಿ ಒತ್ತುಗಲ್ಲನ್ನು ಹಿಡಿದ ಒಬ್ಬ ದಾದಿ. ಒಂದು ಬಾರಿಗೆ ಬೆಳಕು ತಾಕುತ್ತಿದ್ದುದು ಬೆರಳ ತುದಿಯಷ್ಟು ಜಾಗಕ್ಕೆ ಮಾತ್ರ. ಮುಖವೊಂದು ಗುಣವಾಗಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಹಿಡಿಯುತ್ತಿದ್ದವು. ಆದರೂ ದೂರದೂರದಿಂದ ರೋಗಿಗಳು ಬಂದರು. ಮುಸುಕು ಹಾಕಿಕೊಂಡು ಬಂದವರು ಮುಸುಕು ತೆಗೆದು ಹಿಂದಿರುಗಿದರು. ಡೆನ್ಮಾರ್ಕಿನ ರಾಜಕುಮಾರಿಯಾಗಿದ್ದು ಇಂಗ್ಲೆಂಡಿನ ಸೊಸೆಯಾದ ಅಲೆಕ್ಸಾಂಡ್ರಾಳ ಆಸಕ್ತಿಯಿಂದ 1900ರ ಸುಮಾರಿಗೆ ಈ ದೀಪ ಲಂಡನ್ ಆಸ್ಪತ್ರೆಯನ್ನೂ ಸೇರಿತು.

1903ರಲ್ಲಿ ವೈದ್ಯವಿಜ್ಞಾನದ ನೊಬೆಲ್ ಪಾರಿತೋಷಕವು ಫಿನ್ಸೆನ್ನನಿಗೆ ದೊರೆಯಿತು. ಆ ಹೊತ್ತಿಗೆ ಅವನು ಗಾಲಿಕುರ್ಚಿಯನ್ನು ಆಶ್ರಯಿಸಿದ್ದನು. ಪಾರಿತೋಷಕವನ್ನು ಪಡೆಯಲು ಸ್ಟಾಕ್‌ಹೋಮಿಗೆ ಹೋಗುವ ಶಕ್ತಿಯೂ ಅವನಲ್ಲಿರಲಿಲ್ಲ. ಬಂದ ಹಣದಲ್ಲಿ ದೊಡ್ಡ ಪಾಲನ್ನು ತನ್ನ ಸಂಸ್ಥೆಗೂ ಹೃದಯ ಮತ್ತು ಪಿತ್ತಜನಕಾಂಗಗಳ ರೋಗಿಗಳಿಗಾಗಿ ಸ್ಥಾಪಿಸಿದ ಆರೋಗ್ಯಧಾಮಕ್ಕೂ ಕೊಟ್ಟುಬಿಟ್ಟನು. ಹಾಸಿಗೆ ಹಿಡಿದ ಮೇಲೂ ಅವನ ಜಿಜ್ಞಾಸೆ ಮಲಗಲಿಲ್ಲ. ತಾನು ಕುಡಿದ ನೀರನ್ನೂ ತಿಂದ ಆಹಾರವನ್ನೂ ಅಳೆದು ಬರೆದಿಟ್ಟು, ಶರೀರದಲ್ಲಿ ಉಪ್ಪು ಸಂಗ್ರಹವಾಗುವ ವಿಚಾರವಾಗಿ 1904ರಲ್ಲಿ ಲೇಖನವೊಂದನ್ನು ಪ್ರಕಟಿಸಿದನು. ಅದೇ ವರ್ಷ ಸೆಪ್ಟೆಂಬರ್ 24ರಂದು, ನಲವತ್ಮೂರನೆಯ ವಯಸ್ಸಿನಲ್ಲಿ, ಅವನು ಕಣ್ಮುಚ್ಚಿದನು.

ಮುಂದೆ ಸ್ಟ್ರೆಪ್ಟೊಮೈಸಿನ್ ಮೊದಲಾದ ಔಷಧಗಳು ಬಂದ ಮೇಲೆ ಚರ್ಮಕ್ಷಯಕ್ಕೆ ಫಿನ್ಸೆನ್ನನ ದೀಪ ಬೇಕಾಗಲಿಲ್ಲ. ಇಂದು ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಬೆಲೆಯಿಲ್ಲದೆ ದೊರೆಯುವ ಗುಳಿಗೆಗಳಿಂದಲೇ ಆ ರೋಗ ಗುಣವಾಗುತ್ತದೆ. ಆದರೆ ಅವನು ತೆರೆದ ದಾರಿ ಮುಚ್ಚಲಿಲ್ಲ. ಅವನು ಬದುಕಿದ್ದಾಗಲೇ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಆ ದಾರಿಯ ಇನ್ನೊಂದು ಕವಲು ಒಡೆದಿತ್ತು. 1900ರಲ್ಲಿ ಆಸ್ಕರ್ ರಾಬ್ ಎಂಬ ವಿದ್ಯಾರ್ಥಿ ತನ್ನ ಗುರುವಾದ ಹರ್ಮನ್ ಫಾನ್ ಟಪ್ಪೈನರನ ಪ್ರಯೋಗಶಾಲೆಯಲ್ಲಿ ಒಂದು ಸಂಗತಿಯನ್ನು ಗಮನಿಸಿದನು. ಅಕ್ರಿಡೀನ್ ಎಂಬ ವಸ್ತುವನ್ನು ಬೆರೆಸಿದ ನೀರಿನಲ್ಲಿದ್ದ ಪ್ಯಾರಮೀಸಿಯಂ ಎಂಬ ಸೂಕ್ಷ್ಮಜೀವಿಗಳು ಬೆಳಕಿದ್ದಾಗ ಬೇಗನೆ ಸತ್ತವು. ಕತ್ತಲೆಯಲ್ಲಿ ಬದುಕಿ ಉಳಿದವು. ಅಷ್ಟು ಬೆಳಕೊಂದೇ ಅವುಗಳನ್ನು ಕೊಲ್ಲುತ್ತಿರಲಿಲ್ಲ. ಅಷ್ಟು ಅಕ್ರಿಡೀನ್ ಒಂದೇ ಕೊಲ್ಲುತ್ತಿರಲಿಲ್ಲ. ಎರಡೂ ಕೂಡಿದಾಗ ಸಾವು ಬರುತ್ತಿತ್ತು. 1903ರಲ್ಲಿ ಟಪ್ಪೈನರನು ಯೆಸಿಯೊನೆಕ್ ಎಂಬ ವೈದ್ಯನೊಡನೆ ಸೇರಿ, ಕೆಂಪು ಶಾಯಿಯಲ್ಲಿ ಬಳಸುವ ಇಯೊಸಿನ್ ಎಂಬ ಬಣ್ಣವನ್ನು ಚರ್ಮದ ಗಡ್ಡೆಗಳಿಗೆ ಲೇಪಿಸಿ ಅವುಗಳ ಮೇಲೆ ಬೆಳಕನ್ನು ಬಿಟ್ಟು ಪರೀಕ್ಷಿಸಿದನು. ಚರ್ಮದ ಗಡ್ಡೆಗಳಿಗೆ ಬೆಳಕಿನಿಂದ ಎಚ್ಚರಗೊಳ್ಳುವ ಔಷಧವನ್ನು ಬಳಸುವ ಚಿಕಿತ್ಸೆ ಹೀಗೆ ಜನ್ಮ ತಳೆಯಿತು.

ಈ ಚಿಕಿತ್ಸೆಯ ತತ್ತ್ವ ಸರಳವಾದುದು. ಬೆಳಕನ್ನು ಹೀರುವ ಔಷಧವೊಂದನ್ನು ಗಡ್ಡೆಗೆ ಹಚ್ಚುತ್ತಾರೆ, ಇಲ್ಲವೆ ರಕ್ತಕ್ಕೆ ಸೇರಿಸುತ್ತಾರೆ. ಅದು ರೋಗಗ್ರಸ್ತ ಜೀವಕೋಶಗಳಲ್ಲಿ ಹೆಚ್ಚಾಗಿ ನೆಲೆಸುತ್ತದೆ. ಕತ್ತಲೆಯಲ್ಲಿ ಅದು ನಿದ್ರಿಸುವ ಬೀಜದಂತೆ ನಿರಪಾಯಕಾರಿ. ತಕ್ಕ ಬಣ್ಣದ ಬೆಳಕು ಬಿದ್ದೊಡನೆ ಅದು ಎಚ್ಚತ್ತು, ಸುತ್ತಲಿರುವ ಆಮ್ಲಜನಕವನ್ನು ಕೆರಳಿಸಿ, ತಾನಿರುವ ಜೀವಕೋಶವನ್ನು ಸುಟ್ಟುಹಾಕುತ್ತದೆ. ಅಮೆರಿಕದ ಬಫಲೋ ನಗರದಲ್ಲಿ ಥಾಮಸ್ ಡೌಹರ್ಟಿ ಎಂಬ ವಿಜ್ಞಾನಿ ಇದನ್ನು ಕ್ರಮಬದ್ಧವಾಗಿ ಬೆಳೆಸಿದನು. 1978ರಲ್ಲಿ ಅವನು ಮತ್ತು ಅವನ ಸಂಗಡಿಗರು ಪ್ರಕಟಿಸಿದ ವರದಿಯಂತೆ 25 ರೋಗಿಗಳ ಚರ್ಮದಲ್ಲಿಯೂ ಅದರ ಕೆಳಗೂ ಇದ್ದ 113 ಗಡ್ಡೆಗಳಲ್ಲಿ 98 ಪೂರ್ತಿಯಾಗಿ ಕರಗಿದವು. 13 ಭಾಗಶಃ ಕುಗ್ಗಿದವು. ಎರಡು ಮಾತ್ರ ಮಣಿಯಲಿಲ್ಲ. 1990ರಲ್ಲಿ ಕೆನಡಾದ ಕೆನಡಿ ಮತ್ತು ಪಾಟಿಯರ್ ಎಂಬವರು ಚರ್ಮಕ್ಕೆ ಹಚ್ಚುವ ಲೇಪದಿಂದಲೇ ಈ ಚಿಕಿತ್ಸೆಯನ್ನು ನಡೆಸುವ ಬಗೆಯನ್ನು ಕುರಿತು ಬರೆದರು.

ಇದರ ಪ್ರಯೋಜನಗಳು ಸಣ್ಣವಲ್ಲ. ಚರ್ಮದ ಮೇಲ್ಪದರದ ಕೆಲವು ಬಗೆಯ ಕ್ಯಾನ್ಸರಿಗೂ, ಕ್ಯಾನ್ಸರಿಗೆ ಮುನ್ನ ತೋರುವ ಒರಟು ಮಚ್ಚೆಗಳಿಗೂ ಇದು ಪರಿಹಾರವಾಗಬಲ್ಲುದು. ಕತ್ತಿಯ ಗಾಯವಿಲ್ಲ, ಉಳಿಯುವ ಕಲೆ ಅಲ್ಪ, ಮುಖದಂಥ ನಾಜೂಕಾದ ಜಾಗಕ್ಕೆ ಇದು ಹೊಂದುತ್ತದೆ, ಬೇಕಾದರೆ ಮತ್ತೊಮ್ಮೆ ಮಾಡಬಹುದು. ಆದರೆ ಅಪಾಯಗಳನ್ನೂ ಮರೆಯಲಾಗದು. ಬೆಳಕು ಚರ್ಮದೊಳಗೆ ಕೆಲವೇ ಮಿಲಿಮೀಟರುಗಳಷ್ಟು ಇಳಿಯುತ್ತದೆ. ಆಳಕ್ಕೆ ಬೇರೂರಿದ ಗಡ್ಡೆಯನ್ನು ಅದು ಮುಟ್ಟಲಾರದು. ಮೇಲೆ ಮಾಯ್ದಂತೆ ತೋರಿದ ಗಡ್ಡೆ ಒಳಗೆ ಬೆಳೆಯುತ್ತಿರಬಹುದು. ಆದುದರಿಂದ ಗುಣವಾದ ಮೇಲೂ ವರ್ಷಗಟ್ಟಲೆ ಪರೀಕ್ಷಿಸಿಕೊಳ್ಳುತ್ತಿರಬೇಕು. ಮೆಲನೋಮ ಎಂಬ ಉಗ್ರವಾದ ಕಪ್ಪುಗಡ್ಡೆಗೆ ಶಸ್ತ್ರಕ್ರಿಯೆಯೇ ಮೊದಲ ದಾರಿ. ಚಿಕಿತ್ಸೆಯ ವೇಳೆಯಲ್ಲಿ ಉರಿಯೂ ನೋವೂ ತೀವ್ರವಾಗಿರಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಔಷಧ ಮೈಯಲ್ಲಿರುವವರೆಗೂ ರೋಗಿಗೆ ಬಿಸಿಲೇ ಶತ್ರು. 1912ರಲ್ಲಿ ಜರ್ಮನಿಯ ಮೇಯರ್ ಬೆಟ್ಸ್ ಎಂಬ ವೈದ್ಯನು ಇಂಥ ಔಷಧವೊಂದನ್ನು 200 ಮಿಲಿಗ್ರಾಂನಷ್ಟು ತನ್ನ ರಕ್ತಕ್ಕೇ ಚುಚ್ಚಿಕೊಂಡನು. ಬಿಸಿಲಿಗೆ ಬಂದೊಡನೆ ಅವನ ಮುಖ ಗುರುತು ಸಿಗದಂತೆ ಊದಿಕೊಂಡಿತು. ಸುಮಾರು ಎರಡು ತಿಂಗಳು ಅವನು ಬೆಳಕಿಗೆ ಅಂಜಿ ಬಾಳಬೇಕಾಯಿತು. ಇಂದು ಲೇಪವನ್ನು ಹಚ್ಚಿಕೊಂಡವರು ಒಂದೆರಡು ದಿನ, ರಕ್ತಕ್ಕೆ ಔಷಧ ಪಡೆದವರು ಒಂದು ತಿಂಗಳಿಗೂ ಹೆಚ್ಚು ಕಾಲ ಬಿಸಿಲನ್ನು ದೂರವಿಡಬೇಕಾಗುತ್ತದೆ. ಕುಷ್ಟಗಿಯ ಹೊಲದಲ್ಲಿ ಕೂಲಿಮಾಡಿ ಬದುಕುವವನಿಗೆ ಇದು ಎಷ್ಟು ಕಠಿಣವಾದ ಪಥ್ಯವೆಂಬುದನ್ನು ನಾವು ಊಹಿಸಬಹುದು.

ಬೆಳಕೂ ಔಷಧವೂ ಕೂಡುವ ಈ ಮರ್ಮ ನಮ್ಮ ದೇಶಕ್ಕೆ ಅಪರಿಚಿತವಲ್ಲ. ತೊನ್ನಿಗೆ ಬಾವಂಚಿ ಬೀಜವನ್ನು ಕೊಟ್ಟು ಬಿಸಿಲಿಗೆ ಮೈಯೊಡ್ಡಿಸುವ ಪದ್ಧತಿ ಆಯುರ್ವೇದದಲ್ಲಿ ಹಿಂದಿನಿಂದಲೂ ಇದೆ. ಆ ಬೀಜದಲ್ಲಿರುವ ಸೊರಾಲೆನ್ ಎಂಬ ವಸ್ತು ಬಿಸಿಲನ್ನು ಹೀರಿ ಚರ್ಮದ ಮೇಲೆ ಪರಿಣಾಮ ಮಾಡುತ್ತದೆ. ಆದರೆ ಅಳತೆ ತಪ್ಪಿದರೆ ಅದೇ ಬೀಜ ಮೈಮೇಲೆ ಬೊಬ್ಬೆಗಳನ್ನೆಬ್ಬಿಸುತ್ತದೆ. ಬಲ್ಲವರ ಮೇಲ್ವಿಚಾರಣೆಯಿಲ್ಲದೆ ಇಂಥ ಪ್ರಯೋಗಕ್ಕೆ ಕೈಹಾಕುವುದು ತರವಲ್ಲ. ಹಾಗೆಯೇ, ತಿಂಗಳುಗಟ್ಟಲೆ ಮಾಯದ ಹುಣ್ಣು, ಬೆಳೆಯುತ್ತಿರುವ ಗಂಟು, ಬಣ್ಣ ಬದಲಿಸುವ ಮಚ್ಚೆ ಇವುಗಳನ್ನು ಬಿಸಿಲಿಗೊಡ್ಡಿ ಗುಣಪಡಿಸಿಕೊಳ್ಳುವೆನೆಂದು ಯಾರೂ ಭ್ರಮಿಸಬಾರದು. ತಡಮಾಡದೆ ವೈದ್ಯರಿಗೆ ತೋರಿಸಬೇಕು. ಬಿಸಿಲಿನ ನೇರಳಾತೀತ ಕಿರಣಗಳು ಅತಿಯಾದಲ್ಲಿ ತಾವೇ ಚರ್ಮದ ಕ್ಯಾನ್ಸರಿಗೆ ಕಾರಣವಾಗುತ್ತವೆ.

ಫಿನ್ಸೆನ್ನನ ಕತೆಗೆ ಇನ್ನೊಂದು ಸ್ವಾರಸ್ಯವಾದ ಅಧ್ಯಾಯವಿದೆ. ತನ್ನ ದೀಪದ ನೇರಳಾತೀತ ಕಿರಣಗಳೇ ಕ್ಷಯಾಣುಗಳನ್ನು ಕೊಲ್ಲುತ್ತವೆಂದು ಅವನು ನಂಬಿದ್ದನು. ಅವನು ತೀರಿಕೊಂಡು ನೂರು ವರ್ಷಗಳಾದ ಮೇಲೆ, 2005ರಲ್ಲಿ, ಡೆನ್ಮಾರ್ಕಿನ ವಿಜ್ಞಾನಿಗಳು ಅವನ ಹಳೆಯ ದೀಪಗಳನ್ನೂ ಮಸೂರಗಳನ್ನೂ ಮತ್ತೆ ಪರೀಕ್ಷಿಸಿದರು. ರೋಗಾಣುಗಳನ್ನು ನೇರವಾಗಿ ಕೊಲ್ಲಬಲ್ಲ ಮೊನಚಾದ ನೇರಳಾತೀತ ಕಿರಣಗಳು ಆ ಮಸೂರಗಳಿಂದ ಹೊರಕ್ಕೆ ಬರುತ್ತಲೇ ಇರಲಿಲ್ಲವೆಂದು ತಿಳಿದುಬಂದಿತು. ಕ್ಷಯಾಣುವಿನೊಳಗೆ ಸ್ವಾಭಾವಿಕವಾಗಿಯೇ ಪಾರ್ಫಿರಿನ್ ಎಂಬ ಬೆಳಕುಹೀರುವ ವಸ್ತುವಿದೆ. ದೀಪದ ನೀಲಿ, ನೇರಳೆ ಬೆಳಕು ಅದನ್ನು ಕೆರಳಿಸಿ ರೋಗಾಣುವನ್ನು ನಾಶಮಾಡಿರಬೇಕು ಎಂದು ಅವರು ತೀರ್ಮಾನಿಸಿದರು. ಎಂದರೆ, ಟಪ್ಪೈನರನು ಬಣ್ಣವನ್ನು ಲೇಪಿಸಿ ಮಾಡಿದ್ದನ್ನು ಫಿನ್ಸೆನ್ ತನಗೆ ಅರಿವಿಲ್ಲದೆಯೇ ಮೊದಲೇ ಮಾಡಿದ್ದನು! ಕಾರಣ ಅವನು ಎಣಿಸಿದಂತಿರಲಿಲ್ಲ. ಗುಣವಾದ ಮುಖಗಳು ಮಾತ್ರ ಸತ್ಯವಾಗಿದ್ದವು. ವಿಜ್ಞಾನದ ಹಾದಿಯಲ್ಲಿ ಒಬ್ಬನು ನಿಲ್ಲಿಸಿದ ಹೆಜ್ಜೆಯಿಂದ ಮತ್ತೊಬ್ಬನು ಮುಂದುವರಿಯುತ್ತಾನೆ. ಹಿಂದಿನವನ ಊಹೆಯನ್ನು ತಿದ್ದುವುದು ಅವನಿಗೆ ತೋರುವ ಅಗೌರವವಲ್ಲ.

ಇಂದು ನಮ್ಮ ಆಸ್ಪತ್ರೆಗಳಲ್ಲಿ ಕಾಮಾಲೆಯಿಂದ ಹಳದಿಯಾದ ಹಸುಗೂಸುಗಳನ್ನು ನೀಲಿ ದೀಪಗಳ ಕೆಳಗೆ ಮಲಗಿಸುತ್ತಾರೆ. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಆ ಬೆಳಕಿನಲ್ಲಿ ಮಿಂದು ಮಲಗಿದ ಮಗು ಕೆಲವೇ ದಿನಗಳಲ್ಲಿ ತನ್ನ ಬಣ್ಣವನ್ನು ಮರಳಿ ಪಡೆಯುತ್ತದೆ. ಮಗುವಿನ ಮೈಗೆ ಬೆಳಕು ಬೇಕು, ಅದರ ಕಣ್ಣಿಗೆ ಆ ಬೆಳಕು ಬೇಡ. ದೀಪವನ್ನು ಹೊತ್ತಿಸುವ ಕೈಯೇ ಬಟ್ಟೆಯನ್ನೂ ಕಟ್ಟುತ್ತದೆ. ಬೆಳಕು ಬದುಕಿಸಬಲ್ಲುದು, ಸುಡಬಲ್ಲುದು; ಯಾವುದಾಗಬೇಕೆಂಬುದನ್ನು ನಿರ್ಣಯಿಸುವುದು ಅಳತೆಯ ಅರಿವು. ಆ ಅಳತೆಯನ್ನು ಅರಸುತ್ತ, ತನ್ನ ನೋವನ್ನು ಬದಿಗಿಟ್ಟು, ಅನ್ಯರ ಮುಖಗಳಲ್ಲಿ ಬೆಳಕನ್ನು ಮೂಡಿಸಿದ ಫಿನ್ಸೆನ್ನನ ಬಾಳು ಕಿರಿದಾದರೂ ಹಿರಿದಾದುದು.